ಅತ್ತೆ ಪಾತ್ರದ ಕೊನೇ ಮಾತು

ಆ ಮನುಷ್ಯನಿಗೆ ಬೀದಿಯವರು ಇಟ್ಟ ಹೆಸರು ವಿಳಾಸ. ಹೊಟ್ಟೆಪಾಡಿಗೆ ಆಫೀಸು ಆಫೀಸು ಸುತ್ತಿ ಜೆರಾಕ್ಸ್ ಮಷೀನು ರಿಪೇರಿ ಮಾಡೋನು. ಎಷ್ಟು ತಿಕ್ಕಿ ತೊಳೆದ್ರೂ ಉಗುರಿನ ಸಂದೀಲಿ ಕರೀ ಪುಡಿ. ಮನೆಗೆ ಬಂದ್ರೆ ಇನ್ನೊಂದು ಕೆಲಸ, ಟೊರೆಂಟ್ ಹುಡುಕೋ ಸೈಟು. ಹಂಗಂದ್ರೇನು ಅಂತೀರಾ? ಸಿನಿಮಾ, ಹಾಡು, ನಾಟಕ, ಇವನ ಹತ್ರ ಒಂದೂ ಇಲ್ಲ. ಎಲ್ಲಾ ಇರೋದು ಊರೂರಿನ ಜನರ ಕಂಪ್ಯೂಟರಲ್ಲಿ. ಯಾರ ಹತ್ರ ಏನಿದೆ ಅಂತ ಇವನ ಸೈಟು ತೋರಿಸುತ್ತೆ, ಅವರವರೇ ಕೊಟ್ಟು ತಗೊಳ್ತಾರೆ. ಬೀದಿ ಮೂಲೇಲಿ ನಿಂತು 'ಅಗೋ, ಆ ಮನೆ' ಅಂತ ಕೈ ತೋರಿಸೋ ಥರ.

"ಕೈ ತೋರಿಸಿದ್ದಕ್ಕೆ ಜೈಲಾ?" ಅಂತ ಕಂಡಕಂಡೋರನ್ನೆಲ್ಲ ಕೇಳ್ತಿದ್ದ.

ಜೈಲೇ. ಒಂದು ಕ್ಯಾಸೆಟ್ ಕಂಪ್ನಿ ಕೇಸು ಜಡೀತು. ಎರಡು ವರ್ಷ ಕೋರ್ಟಿನ ಬೆಂಚು ಸವೆಸಿದ. ಕೊನೆಗೆ ಇವನ ಲಾಯರಮ್ಮ ಹೆಂಗೋ ರಾಜಿ ಮಾಡ್ಸಿದ್ರು. ಶುಕ್ರವಾರದೊಳಗೆ ಸೈಟು ಮುಚ್ಚಬೇಕು, ಸೈಟಿನ ಹೆಸರನ್ನೂ, ಅಂದ್ರೆ ಜನರ ಕಂಪ್ಯೂಟರು ಹುಡುಕಿಕೊಂಡು ಬರೋ ಆ ವಿಳಾಸವನ್ನೂ, ಕಂಪ್ನಿಗೇ ಬರೆದುಕೊಡಬೇಕು. ಕೊಟ್ರೆ ಜೈಲಿಲ್ಲ.

ಈಗ ಅಕ್ಕನ ವಿಷಯಕ್ಕೆ ಬರೋಣ. ಅವನಿಗೆ ಅಂತ ಇದ್ದೋಳು ಅಕ್ಕ ಒಬ್ಬಳೇ. ವಯಸ್ಸಲ್ಲಿದ್ದಾಗ ಅದೇ ಕಂಪ್ನಿಯ ನಾಟಕದ ಕ್ಯಾಸೆಟ್ಟಿಗೆ ದನಿ ಕೊಟ್ಟಿದ್ಲು, ಗಯ್ಯಾಳಿ ಅತ್ತೆ ಪಾತ್ರ. ಏನು ಬಾಯಿ ಅಂತೀರಿ! ಸೊಸೆ ಪಾರ್ಟಿನ ಹುಡುಗಿ ರೆಕಾರ್ಡಿಂಗ್ ಮಧ್ಯ ನಿಜವಾಗ್ಲೂ ಅತ್ತುಬಿಟ್ಟಿದ್ಲಂತೆ. ಅಂಥಾ ಗಂಟಲಿಗೆ ಗಡ್ಡೆ ಬಂತು. ಆಪರೇಷನ್ನಲ್ಲಿ ಜೀವ ಉಳೀತು, ದನಿ ಹೋಯ್ತು. ಆಮೇಲಿಂದ ಬೈಗುಳವೆಲ್ಲ ಸ್ಲೇಟಿನ ಮೇಲೆ. 'ಉಪ್ಪು ಹಾಕಿದ್ಯೋ, ಸುರಿದ್ಯೋ?' ಅಂತ ಬರೆದು ಊಟದ ತಟ್ಟೆ ಪಕ್ಕ ಟಪ್ ಅಂತ ಇಡೋಳು.

ಒಂದಿನ ಬರೆದಳು: 'ನನ್ನ ದನಿ ಹೆಂಗಿತ್ತು ಅಂತಾನೇ ಮರೀತಿದೆ ಕಣೋ.'

ಅವತ್ತೇ ಅವನು ಅಕ್ಕನಿಗೆ ಆ ನಾಟಕ ಪೂರ್ತಿ ಕೇಳಿಸಲೇಬೇಕು ಅಂತ ಹಠ ಹಿಡಿದ. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಎಂದೋ ಹೋಗಿದ್ವು. ಹನ್ನೊಂದು ವರ್ಷದ ಹಿಂದೆ ಅದನ್ನ ಕಂಪ್ಯೂಟರಿಗೆ ಇಳಿಸಿ ಸೈಟಿನ ಪಟ್ಟಿಗೆ ಮೊದಲು ಹಾಕಿದ್ದು ಇವನೇ, ಆದ್ರೆ ಇವನ ಡಿಸ್ಕೂ ಸುಟ್ಟುಹೋಗಿತ್ತು. ತನ್ನ ಸೈಟಲ್ಲೇ ಹುಡುಕಿ ನೋಡಿದ್ರೆ, ಪ್ರಪಂಚದಲ್ಲಿ ಅದನ್ನಿನ್ನೂ ಇಟ್ಕೊಂಡಿದ್ದೋನು ಒಬ್ಬನೇ ಒಬ್ಬ. ಗಂಡೋ ಹೆಣ್ಣೋ, ಎಲ್ಲಿಯವರೋ, ದೇವರಿಗೇ ಗೊತ್ತು. ಅವನ ಮಷೀನು ಭಾನುವಾರ ಬೆಳಿಗ್ಗೆ ಮಾತ್ರ ಒಂದು ಗಂಟೆ ಆನ್ ಆಗ್ತಿತ್ತು. ಲೈನೋ, ಬಸವನಹುಳು. ಏಳು ಭಾನುವಾರ ಕಾದು ನೂರಕ್ಕೆ ತೊಂಬತ್ತೇಳು ಪಾಲು ಇಳೀತು. ಕೊನೇ ಅಂಕದಲ್ಲಿ ಅಲ್ಲಲ್ಲಿ ಒಂದಷ್ಟು ಚೂರು ಬಾಕಿ. ಇನ್ನೊಂದು ಭಾನುವಾರ ಸಿಕ್ಕಿದ್ರೆ ಸಾಕಿತ್ತು.

ಶುಕ್ರವಾರ ಲಾಯರಮ್ಮ ಪೇಪರು ಮುಂದಿಟ್ಟು ಕೇಳಿದ್ರು, "ಆ ಹೆಸರಿಂದ ನಿಮಗೆ ಇನ್ನೇನಾದ್ರೂ ಆಗಬೇಕಾ? ಈಗ್ಲೇ ಹೇಳಿ, ಎರಡು ವಾರ ಮುಂದಕ್ಕೆ ಹಾಕಿಸ್ತೀನಿ. ಸೈನ್ ಆದ್ಮೇಲೆ ನನ್ನ ಹತ್ರ ಅಳಬೇಡಿ."

"ಏನೂ ಬೇಡ ಮೇಡಂ. ಸೈಟು ಮುಚ್ಚಿದ್ರೆ ಫೈಲು ಸಾಯಲ್ಲ. ಒಂದು ದಾರಿ ಮುಚ್ಚಿದ್ರೆ ನೂರು ದಾರೀಲಿ ಸಿಗುತ್ತೆ. ಅದೇ ಇದರ ಮಜಾ," ಅಂತ ನಗ್ತಾ ಸೈನ್ ಒತ್ತಿದ.

ಮಾತು ಸರೀನೇ. ಬೇರೆ ಯಾವ ಫೈಲಾದ್ರೂ ಹಂಗೇ ಸಿಗ್ತಿತ್ತು.

ಭಾನುವಾರ ಅಕ್ಕನ್ನ ಪಕ್ಕ ಕೂರಿಸ್ಕೊಂಡು ಕಂಪ್ಯೂಟರ್ ಹಾಕಿದ. ಎಂಟಾಯ್ತು, ಒಂಬತ್ತಾಯ್ತು. ಆ ಕಡೆ ಯಾರೂ ಇಲ್ಲ. ಕೇಬಲ್ಲು ಕಿತ್ತು ಚುಚ್ಚಿದ, ಬೇರೆ ಸೈಟಲ್ಲೆಲ್ಲ ಹುಡುಕಿದ. ಹತ್ತು ಗಂಟೆಗೆ ಜ್ಞಾನೋದಯ ಆಯ್ತು ನೋಡಿ.

ಆಗಿದ್ದಿಷ್ಟೇ. ಸೈಟು ಶುರು ಮಾಡಿದ ಹೊಸದರಲ್ಲಿ ಇನ್ಯಾವನೋ ಇವನ ಪಟ್ಟಿ ಕದ್ದು ಕದ್ದು ತನ್ನ ಸೈಟಿಗೆ ಹಾಕ್ಕೊಳ್ತಿದ್ದ. ಇವನಿಗೆ ಉರಿದುಹೋಗಿತ್ತು. ಅಕ್ಕನ ನಾಟಕ ಹಾಕುವಾಗ ಅದಕ್ಕೊಂದು ಬೀಗ ಜಡಿದಿದ್ದ: ಇದು ಯಾರ ಹತ್ರ ಇದೆ ಅಂತ ನನ್ನ ಸೈಟಿನ ಬಾಗಿಲಲ್ಲಿ ಮಾತ್ರ ವಿಚಾರಿಸಬೇಕು, ಬೇರೆಲ್ಲೂ ಸಿಗಬಾರದು. ತನ್ನದಲ್ಲದ ಮಾಲು ಕಳ್ಳರ ಪಾಲಾಗದಿರಲಿ ಅಂತ ಕಾವಲು! ಆಮೇಲೆ ಮರೆತೇಬಿಟ್ಟ. ಆ ಪುಣ್ಯಾತ್ಮನ ಮಷೀನು ಪಾಪ ಈಗ್ಲೂ ಭಾನುವಾರ ಬಂದು ಅದೇ ಬಾಗಿಲು ತಟ್ತಿದೆ. ಬಾಗಿಲು ಮಾತ್ರ ಇವನದಲ್ಲ.

ಸೋಮವಾರ ಕಂಪ್ನಿ ಆಫೀಸಿಗೆ ಹೋದ. ಅಲ್ಲಿನ ಮ್ಯಾನೇಜರು ಒಳ್ಳೆಯೋನೇ, ಕೂತ್ಕೊಳ್ಳಿ ಅಂದ.

"ಒಂದೇ ಭಾನುವಾರ ಆ ಹೆಸರು ನನ್ನ ಮಷೀನಿಗೆ ತಿರುಗಿಸಿ ಸಾರ್. ಕಾಲಿಗೆ ಬೀಳ್ತೀನಿ."

"ಆಗಲ್ಲಪ್ಪ. ಕೋರ್ಟಿನ ಆರ್ಡರು. ತಿರುಗಿಸಿದ್ರೆ ನೀನೂ ಒಳಗೆ, ನಾನೂ ಒಳಗೆ."

"ಹೋಗ್ಲಿ, ನಾಟಕ ನಿಮ್ಮದೇ ಅಲ್ವಾ? ಮೂಲದ ಟೇಪಿಂದ ಒಂದು ಕಾಪಿ ಮಾಡಿಕೊಡಿ."

ಮ್ಯಾನೇಜರು ಒಳಗೆ ಹೋಗಿ ಯಾರ್ಯಾರನ್ನೋ ಕೇಳಿ ಬಂದ. "ಗೋಡೌನ್ ಖಾಲಿ ಮಾಡುವಾಗ ಹಳೇ ಟೇಪೆಲ್ಲ ಗುಜರಿಗೆ ಹೋಯ್ತಂತೆ. ನಮ್ಮ ಹತ್ರ ಹಕ್ಕಿದೆ. ನಾಟಕ ಇಲ್ಲ."

ಮನೆಗೆ ಬಂದು ಬೀಗದ ಕತೆಯನ್ನೂ ಬಿಡದೆ ಅಕ್ಕನಿಗೆ ಎಲ್ಲಾ ಹೇಳಿದ. ಅವಳು ಸ್ಲೇಟಲ್ಲಿ ಬರೆದು ತೋರಿಸಿದಳು: 'ದಡ್ಡ ಮುಂಡೇದೇ. ಇರೋದನ್ನ ಹಾಕು.'

ಹಾಕಿದ. ಆ ದನಿ ರೂಮೆಲ್ಲ ತುಂಬ್ತು. ಅತ್ತೆ ಬೈದಳು, ಶಪಿಸಿದಳು, ಪಾತ್ರೆ ಎಸೆದಳು. ಅಕ್ಕ ಎದೆ ಮೇಲೆ ಕೈ ಇಟ್ಕೊಂಡು ಒಂದೊಂದು ಬೈಗುಳಕ್ಕೂ ಸದ್ದಿಲ್ಲದೆ ತುಟಿ ಆಡಿಸಿದಳು, ಒಂದಕ್ಷರ ತಪ್ಪಲಿಲ್ಲ. ಕೊನೇ ಅಂಕ ಬಂತು. ತವರಿಗೆ ಹೊರಟ ಸೊಸೆಯನ್ನ ಅತ್ತೆ ತಡೆದು ನಿಲ್ಲಿಸ್ತಾಳೆ. ಇಡೀ ನಾಟಕದಲ್ಲಿ ಅದೊಂದೇ ಸಲ ಅವಳು ಮೆತ್ತಗೆ ಮಾತಾಡೋದು. "ನೋಡಮ್ಮ..." ಅಂತ ಬಂತು. ಆಮೇಲೆ ಏನಿಲ್ಲ. ಖಾಲಿ. ಅದಾದ್ಮೇಲೆ ಸೊಸೆ ಬಿಕ್ಕಿ ಬಿಕ್ಕಿ ಅಳೋದು ಕೇಳಿಸ್ತು.

"ಅಲ್ಲಿ ಏನಂದೆ ಅಕ್ಕಾ?"

ಅಕ್ಕ ಬಳಪ ಹಿಡಿದಳು. ಒಂದು ಸಾಲು ಬರೆದು ಒರೆಸಿದಳು, ಇನ್ನೊಂದು ಬರೆದಳು, ಅದನ್ನೂ ಒರೆಸಿದಳು. 'ಬೈದಿದ್ದೆಲ್ಲ ನೆನಪಿದೆ,' ಅಂತ ಬರೆದು ತೋರಿಸಿದಳು.

ಅವನು ಒಂದು ನಿಮಿಷ ಹಿಂದಕ್ಕೆ ಹೋಗಿ ಮತ್ತೆ ಹಾಕಿದ. "ನೋಡಮ್ಮ..."