ಕುಂದರದ ಬೀಗರು

ಈಗಲೂ ಮನೆಗೆ ಬಂದವರು ಕೂಡಲು ಅನುಮಾನಿಸಿದರೆ ನಾನು ಮಾವನ ದನಿ ತೆಗೆದು, ಹೊಟ್ಟೆಯಿಂದ ಗುಡುಗುತ್ತೇನೆ: "ಕುಂದರ್ರೆಲಾ ಬೀಗರ!" ಒಳಗೆ ಹೆಂಡತಿ ಶಿವಗಂಗವ್ವ ನಗುತ್ತಾಳೆ. ಆ ನಗು ಇನ್ನೊಬ್ಬರ ಮನೆ ಸೇರುವುದು ಸ್ವಲ್ಪದರಲ್ಲಿ ತಪ್ಪಿತ್ತು.

ಎರಡನೆಯ ಮಹಾಯುದ್ಧದ ಹಿಂದಿನ ವರ್ಷ. ಧಾರವಾಡದಲ್ಲಿ ಬಿ.ಎ. ಮುಗಿಸಿ ಹುಕ್ಕೇರಿಗೆ ಮರಳಿದ್ದೆ. ಅಪ್ಪ ರಾಚಪ್ಪ ಬೆಲ್ಲದ ವ್ಯಾಪಾರಿ. ದಿನವಿಡೀ ಗಾದಿ ಬಿಟ್ಟೇಳದವನಿಗೆ ಕುಳಿತಲ್ಲೇ ಮೂಲವ್ಯಾಧಿ ಬಂತು. ಗೊತ್ತಿದ್ದದ್ದು ಅವ್ವನಿಗೆ, ನನಗೆ. ಬಾಯಿ ಬಿಟ್ಟರೆ ಲಿಂಗದಾಣೆ ಎಂದಿದ್ದ. ಡಾಕ್ಟರಿಗೆ ತೋರಿಸುವುದೆಂದರೆ, ಅದೇನು ಅಂಗೈಯೇ ತೋರಿಸಲಿಕ್ಕೆ?

ಮೂಡಲಗಿಗೆ ಹೆಣ್ಣು ನೋಡಲು ಹೊರಟಾಗ ಘಟಪ್ರಭಾ ಸ್ಟೇಶನ್ನು ದಾಟುತ್ತಲೇ ಅಪ್ಪ ಚಕ್ಕಡಿ ಇಳಿದು, "ಎತ್ತಿಗೆ ಭಾರ ಆಗತೈತಿ" ಎಂದು ನಡೆಯತೊಡಗಿದ. ನಮ್ಮ ಎತ್ತುಗಳಿಗೆ ಅಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಹೆಣ್ಣಿನ ತಂದೆ ಮುರಿಗೆಪ್ಪನವರ ಪಡಸಾಲೆಯಲ್ಲಿ ಹೊಸ ಜಮಖಾನೆ, ಲೋಡು. ಬೀಗರು ಕುಳಿತ ಮೇಲೆಯೇ ಹೆಣ್ಣನ್ನು ಕರೆಯುವುದು. ಕೂಡದೆ ಹೋದರೆ ಸಂಬಂಧ ಬೇಡವೆಂದೇ ಅರ್ಥ. ನಾನಂತೂ ಬಾಗಿಲ ಸಂದಿಯಲ್ಲಿ ಒಂದು ಜಡೆ, ಒಂದು ಕಣ್ಣು ಕಂಡು ಮನಸ್ಸಿನಲ್ಲೇ ಹೂಂ ಅಂದುಬಿಟ್ಟಿದ್ದೆ.

"ಕುಂದರ್ರಿ ಬೀಗರ."

"ಇರ್ಲಿ ಬಿಡ್ರಿ. ನೀವ ಕುಂದರ್ರಿ."

"ನೀವ ಕುಂತ್ರ ನಾವು."

ಇಬ್ಬರೂ ನಿಂತರು. ಮಳೆ, ಜೋಳ, ಬೆಲ್ಲದ ಧಾರಣೆ, ಎಲ್ಲ ನಿಂತೇ ಮುಗಿದವು. ಹುಡುಗಿಯ ಸೋದರತ್ತೆ ಶೆಟ್ಟೆವ್ವ ಹೊರಗೆ ಬಂದಳು.

"ಯಾಕ್ರಿ, ನಮ್ಮ ಜಮಖಾನ್ಯಾಗ ಚೇಳ ಅದಾವೇನ್ರಿ?"

"ಇಲ್ರಿ ಅಕ್ಕಾರ, ನಿಂತ ರೂಢಿ."

"ಗಾದಿ ಮ್ಯಾಲ ಕುಂತ ಬೆಲ್ಲಾ ಮಾರೋರಿಗೆ ನಿಂತ ರೂಢಿ? ಮನಸಿಲ್ಲಂದ್ರ ಬಾಯಿಬಿಟ್ಟ ಹೇಳ್ರಿ. ನಮ್ಮ ಹುಡುಗಿಗೇನ ಗಂಡ ಸಿಗೂದಿಲ್ಲೇನ?"

ಸಂದಿಯ ಕಣ್ಣು ಮಾಯವಾಯಿತು. ಹೇಳಿದರೆ ಅಪ್ಪನ ಮಾನ, ಹೇಳದಿದ್ದರೆ ನನ್ನ ಮದುವೆ. ನಾನು ಬಾಯಿ ತೆರೆದೆ. ಅಪ್ಪ ನನ್ನನ್ನು ನೋಡಿದ. ಮುಚ್ಚಿದೆ.

"ಬರ್ತೀವ್ರಿ," ಅಪ್ಪ ಕೈ ಮುಗಿದ.

ಮುರಿಗೆಪ್ಪನವರು ಆ ಕೈಗಳನ್ನೇ ನೋಡುತ್ತ ನಿಂತರು. ಅಪ್ಪನ ನಡುಬೆರಳಿನಲ್ಲಿ ತಾಮ್ರ, ಕಬ್ಬಿಣ ಹೊಸೆದ ಉಂಗುರ. ಮೂಲವ್ಯಾಧಿಗೆಂದು ಸಂತೆಯಲ್ಲಿ ಮಾರುತ್ತಿದ್ದದ್ದು. ಅವರು ಮೆಲ್ಲಗೆ ತಮ್ಮ ಕೈಯನ್ನೂ ಎತ್ತಿದರು. ಅಂಥದೇ ಉಂಗುರ!

"ನಿಮಗೂ?" ಅಪ್ಪ ಪಿಸುಗುಟ್ಟಿದ.

"ಎರಡ ವರ್ಷ ಆತ್ರಿ. ನಿಮಗ ಕಡಿಮಿ ಆತೇನ್ರಿ?"

"ಆಗಿದ್ರ ನಿಂದರತಿದ್ನೇನ್ರಿ!"

ಇಬ್ಬರೂ ದನದ ಕೊಟ್ಟಿಗೆಗೆ ಹೋದರು. ಮೊದಲು ಗುಸುಗುಸು, ಆಮೇಲೆ ನಗು. ಹೊರಗೆ ಬಂದಾಗ ಅಪ್ಪನ ಕಣ್ಣು ಒದ್ದೆಯಾಗಿತ್ತು.

"ಶೆಟ್ಟೆವ್ವಾ, ಹುಡುಗೀನ್ನ ಕರಿ," ಎಂದರು ಮುರಿಗೆಪ್ಪನವರು. "ಬೀಗರು ನಮ್ಮಂಥವರಽ ಅದಾರ."

ಮಾತು ನಿಂತುಹೋಗಲಿಲ್ಲ, ನಿಂತೇ ಮುಗಿಯಿತು. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗಿಬರುವುದಿಲ್ಲವೆಂದು ಹೆದರುತ್ತಿದ್ದ ಕಾಲ. ನಮ್ಮಲ್ಲಿ ಮೂಲ ಇದ್ದದ್ದು ಮಾವಂದಿರಲ್ಲಿ.

ಒಬ್ಬೊಬ್ಬರೇ ಎಂದೂ ಹೋಗದವರು ಜೋಡಿಯಾಗಿ ಗೋಕಾಕದ ಡಾಕ್ಟರ ಬಳಿ ಹೋದರು. ಡಾಕ್ಟರು ಮೂಗಿನ ದನಿಯಲ್ಲಿ ಬೈದರು: "ಬೆರಳಿಗೆ ಉಂಗುರಾ ಹಾಕಿದ್ರ ಅಲ್ಲಿ ಹೆಂಗ ಮಾಯತೈತ್ರಿ? ರಕ್ತಾ ಬಿದ್ರ ಎಲ್ಲಾನೂ ಮೂಲವ್ಯಾಧೀನ ಅಲ್ಲ. ನೋಡಸದಽ ತಿಳೀತೈತೇನು?" ನೋಡಿದರು. ಇಬ್ಬರದೂ ಅದೇ. ಮಾವನದು ತಪ್ಪಲಪಲ್ಯ, ಬಹಳ ನೀರು, ತಿಣುಕದಿರುವುದು, ಬೋಗುಣಿಯ ಬೆಚ್ಚನೆಯ ನೀರಿನಲ್ಲಿ ಕೂಡುವುದು, ಇಷ್ಟಕ್ಕೇ ಇಳಿಯಿತು. ಅಪ್ಪನದು ಬಲಿತಿತ್ತು, ದಾರ ಕಟ್ಟಿ ತೆಗೆದರು. ಮಗ್ಗುಲಲ್ಲಿ ಕೈ ಹಿಡಿದು ನಿಂತವರು ಮಾವನೇ.

ಮದುವೆಯ ದಿನ ಅದೇ ಜಮಖಾನೆ. ಮಾವ ಅದನ್ನು ತಟ್ಟಿ ಗುಡುಗಿದರು: "ಕುಂದರ್ರೆಲಾ ಬೀಗರ!"

ಅಪ್ಪ ಬೆಲ್ಲದ ಪೆಂಟೆ ಇಳಿಸಿದಂತೆ ಮೆಲ್ಲಗೆ ಕುಳಿತ. ಕಣ್ಣು ಮುಚ್ಚಿದ. ಒಂದು ಕಣ್ಣು ತೆರೆದ. ಆಮೇಲೆ ಲೋಡಿಗೆ ಒರಗಿ ಕಾಲು ಚಾಚಿದ. ನನ್ನ ಪಕ್ಕದಲ್ಲಿ ಬಾಸಿಂಗದ ಕೆಳಗಿಂದ ಶಿವಗಂಗವ್ವ ಕಿಸಕ್ಕನೆ ನಕ್ಕಳು.