ಎಳೆ ಹರಿಯುವ ಗಾಳಿ

ಮಗ್ಗದುದ್ದಕ್ಕೆ ಬಿಗಿದ ಹಾಸಿನ ಎಳೆ ಮತ್ತೆ ಹರಿಯಿತು. ಅವಳು ಮಗ್ಗ ನಿಲ್ಲಿಸಿ, ತುಂಡಾದ ತುದಿಗಳನ್ನು ಹುಡುಕಿ ಗಂಟು ಹಾಕಿದಳು. ಲಾಳಿ ಒಮ್ಮೆ ಹೋಗಿ ಬರುವಷ್ಟರಲ್ಲಿ ಪಕ್ಕದ ಎಳೆ ಹೋಯಿತು. ಆಚೀಚೆಯ ಮಗ್ಗಗಳೂ ನಿಂತು ನಿಂತು ನಡೆಯುತ್ತಿದ್ದವು. ನೇಯ್ಗೆ ಶೆಡ್ಡಿನ ಯಜಮಾನ ಸಾಲುಗಳ ನಡುವೆ ಬಂದು ಬಟ್ಟೆಯ ತುಂಡೊಂದನ್ನು ಅವಳ ಮುಖದ ಮುಂದೆ ಹಿಡಿದ.

"ಇದೇನಮ್ಮ, ಬಟ್ಟೆಯೋ ಜರಡಿಯೋ? ನಿನ್ನ ಗಂಡನ ಕೈ ಹೋಗಿದೆ, ಹದ ತಪ್ಪಿದೆ. ಗಂಜಿ ಹಾಕೋಕೆ ನಾಳೆಯಿಂದ ಬೇರೆಯವನು ಬರ್ತಾನೆ. ನೀನೇ ಹೇಳಿಬಿಡು, ನನಗೆ ಬಾಯಿ ಬರಲ್ಲ."

"ತೆಗೆಯೋ ಕೆಲಸ ನಿಮ್ಮದು, ಹೇಳೋ ಕೆಲಸ ನಂದಾ?" ಎಂದಳು. ಯಜಮಾನ ಆಗಲೇ ಬೆನ್ನು ತಿರುಗಿಸಿದ್ದ.

ನೂಲು ಮಗ್ಗವೇರುವ ಮೊದಲು ಅದಕ್ಕೆ ಗಂಜಿ ಹಾಕಿ ಬಲ ತುಂಬುವುದು ಅವಳ ಗಂಡನ ಕೆಲಸ. ಅವನ ಗಂಜಿಯ ಹದದ ಬಗ್ಗೆ ಆ ಶೆಡ್ಡಿನಲ್ಲಿ ಯಾರೂ ಸೊಲ್ಲೆತ್ತಿದ್ದಿಲ್ಲ. ಎಳೆ ಹರಿಯತೊಡಗಿದಾಗ ಅವನು ಗಂಜಿಯನ್ನು ತುಸು ಗಟ್ಟಿ ಮಾಡಿದ. ಎಳೆ ಇನ್ನಷ್ಟು ಹರಿಯಿತು; ಅವನು ಇನ್ನಷ್ಟು ಗಟ್ಟಿ ಮಾಡಿದ. ಈಚೆಗೆ ಊಟದ ನಡುವೆಯೂ ಹೆಬ್ಬೆರಳಿಗೆ ತೋರುಬೆರಳು ಉಜ್ಜಿ, ಅಲ್ಲಿಲ್ಲದ ಗಂಜಿಯ ಹದ ನೋಡುತ್ತಿದ್ದ.

ಮಧ್ಯಾಹ್ನ ಅವಳು ಮನೆಗೆ ಬಂದಾಗ ಗಂಡನೆದುರು ಅವಳ ತಮ್ಮ ಕೂತಿದ್ದ. ಊರ ಹಿಂದಿನ ಗುಡ್ಡದ ಮರ ಕಡಿಸುವ ಗುತ್ತಿಗೆ ಅವನದು. ಊರಿನ ಕಡೆಯ ಇಳಿಜಾರು ಹೋದ ವರ್ಷವೇ ಬೋಳಾಗಿತ್ತು. ಸುದ್ದಿ ಅವಳಿಗಿಂತ ಮೊದಲೇ ಮನೆ ತಲುಪಿತ್ತು.

"ಬಿಡಿ ಭಾವ ಆ ಗಂಜಿ ಸಹವಾಸ. ನನ್ನ ಹತ್ರ ಬನ್ನಿ, ದಿಮ್ಮಿ ಕಾಯೋ ಕೆಲಸ. ಕುರ್ಚಿ ಹಾಕ್ಕೊಂಡು ಕೂತ್ರೆ ಆಯ್ತು. ಅಲ್ಲಿ ನೆರಳಿಲ್ಲ, ಛತ್ರಿ ನಾನೇ ಕೊಡಿಸ್ತೀನಿ."

ಗಂಡ ನಗಲಿಲ್ಲ. ಅಂಗೈಯನ್ನು ತಿರುಗಿಸಿ ನೋಡಿಕೊಂಡ. "ಈ ಕೈಗೇ ಏನೋ ಆಗಿದೆ ಕಣಯ್ಯ," ಎಂದ.

ಅವಳು ಪಾತ್ರೆಯ ಮೇಲೆ ಉಪ್ಪಿನ ಡಬ್ಬಿ ಬಗ್ಗಿಸಿದಳು. ಮೊದಲೆಲ್ಲ ಈ ದಿನಗಳಲ್ಲೂ ಚಮಚದಿಂದ ಕೆರೆದು ತೆಗೆಯಬೇಕಾಗಿದ್ದ ಉಪ್ಪು ಒಣ ಮರಳಿನಂತೆ ಸುರಿಯಿತು. ಬಿಸಿಗಾಳಿಗೆ ತಮ್ಮ ಎದ್ದು ಬಾಗಿಲು ಮುಚ್ಚಿದ.

"ಅಕ್ಕ, ಮುಂಚೆ ಈ ಕಾಲದಲ್ಲಿ ಈ ಬಾಗಿಲು ತೇವಕ್ಕೆ ಉಬ್ಬಿ, ಮುಚ್ಚೋಕೆ ಭುಜ ಕೊಡಬೇಕಿತ್ತಲ್ಲ? ಈಗ ನೋಡು, ಒಂದು ಬೆರಳು ಸಾಕು."

ಅವಳ ಕೈ ಡಬ್ಬಿಯ ಮೇಲೆಯೇ ನಿಂತಿತು.

ಗುಡ್ಡದ ಮರಗಳು ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಗಾಳಿಗೆ ಬಿಡುತ್ತಿದ್ದವು. ಬೆಳಗಿನ ಜಾವ ಆ ತೇವದ ತಂಪು ಇಳಿಜಾರಿನಲ್ಲಿ ಜಾರಿ ಬಂದು ಶೆಡ್ಡನ್ನು ತುಂಬಿಕೊಳ್ಳುತ್ತಿತ್ತು. ನೂಲು ಅದನ್ನು ಕುಡಿದು, ಎಳೆದಾಗ ಮುರಿಯದೆ ಬಾಗುತ್ತಿತ್ತು. ಈಗ ಬರಿಯ ಮಣ್ಣು ಕಾದು ಕಳಿಸುತ್ತಿದ್ದುದು ಒಣ ಬಿಸಿಯನ್ನು ಮಾತ್ರ. ಆ ಗಾಳಿಯಲ್ಲಿ ಗಂಜಿ ಗಟ್ಟಿಯಾದಷ್ಟೂ ಎಳೆ ಒಣ ಪುರಲೆಕಡ್ಡಿಯಂತೆ ಮುರಿಯುತ್ತಿತ್ತು. ಅವಳು ಇದನ್ನೆಲ್ಲ ಹೀಗೆ ಜೋಡಿಸಿಕೊಳ್ಳಲಿಲ್ಲ. ಗುಡ್ಡದಲ್ಲಿ ಮಂಜು ಕೂತ ದಿನ ಮಗ್ಗ ಸಲೀಸು ಎಂಬುದು ಶೆಡ್ಡಿನ ಎಲ್ಲರಿಗೂ ಗೊತ್ತಿತ್ತು. ಮಂಜು ಎಲ್ಲಿ ಹೋಯಿತೆಂದು ಮಾತ್ರ, ಅವಳೂ ಸೇರಿ, ಯಾರೂ ಕೇಳಿರಲಿಲ್ಲ. ತಮ್ಮನ ಒಂದು ಬೆರಳಿಗೆ ಮುಚ್ಚಿಕೊಂಡ ಒಣ ಬಾಗಿಲು ಈಗ ಅವಳಿಗೆ ಅದನ್ನು ಹೇಳಿತು.

"ಹೊರಡೋ," ಎಂದಳು ತಮ್ಮನಿಗೆ.

"ಊಟ?"

"ನಿನ್ನ ಊಟಕ್ಕಿಷ್ಟು ಬೆಂಕಿ ಹಾಕ! ಅವರು ತಮ್ಮ ಕೈಯನ್ನ ತಾವೇ ಬೈಕೊಂಡು ಕೂತಿದಾರೆ, ನೀನು ಛತ್ರಿ ಕೊಡಿಸ್ತೀಯಾ? ಗುಡ್ಡದ ತೇವ ಎಲ್ಲಾ ಲಾರಿಗೆ ಹೇರಿ ಕಳಿಸಿದವನು ನೀನು. ಬಿಂದಿಗೆ ಎತ್ತು."

"ಮರ ಕಡಿದ್ರೆ ನೂಲು ಹರಿಯುತ್ತಾ? ತಲೆ ಕೆಟ್ಟಿದೆಯಾ ಅಕ್ಕ? ನಾನು ಬಿಟ್ರೆ ಇನ್ನೊಬ್ಬ ಕಡೀತಾನೆ."

"ಆ ಇನ್ನೊಬ್ಬನ್ನ ನಾನು ಸೊಂಟದ ಮೇಲೆ ಹೊತ್ತು ಬೆಳೆಸಿಲ್ಲ. ನಡಿ."

ಶೆಡ್ಡಿನಲ್ಲಿ ಅವಳು ಗೋಣಿಚೀಲಗಳನ್ನು ನೀರಿನಲ್ಲಿ ಅದ್ದಿ ಕಿಟಕಿಗಳಿಗೆ ಕಟ್ಟಿದಳು. ತಮ್ಮ ಬಾವಿಯಿಂದ ನೀರು ಹೊತ್ತು ತಂದು ಮಗ್ಗಗಳ ಕೆಳಗೆ ಸುರಿದ. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತು.

"ಏನ್ರೀ, ಗುತ್ತಿಗೆದಾರರಿಗೆ ಹೊಸ ಗುತ್ತಿಗೆ ಸಿಕ್ತಾ?" ಎಂದಳು ಪಕ್ಕದ ಮಗ್ಗದವಳು. ಸಾಲಿಡೀ ನಕ್ಕಿತು. ಅಕ್ಕ ಮಾತ್ರ ನಗದೆ ತನ್ನ ಮಗ್ಗಕ್ಕೆ ಕೂತಳು.

ಲಾಳಿ ಓಡಿತು. ತುಸು ಹೊತ್ತಿಗೆ ಒಂದು ಎಳೆ ಹೋಯಿತು. ಆಮೇಲೆ ಬಹಳ ಹೊತ್ತು ಯಾವುದೂ ಹೋಗಲಿಲ್ಲ. ಸದ್ದು ಎಡೆಬಿಡದೆ ಬರುವುದನ್ನು ಕೇಳಿ ಯಜಮಾನ ಬಂದ. ಹಾಸಿನ ಮೇಲೆ ಬಗ್ಗಿ ಅಂಗೈ ಆಡಿಸಿದ.

"ಸರಿ ಮತ್ತೆ. ದಿನಾ ನೀರು ಹಾಕ್ಸೋಣ. ಅವನೇ ಇರಲಿ."

"ಅದನ್ನ ಅವರ ಮುಂದೆ ಹೇಳಿ. ಕೈ ಹೋಗಿದೆ ಅಂದ ಬಾಯಲ್ಲೇ ಹೇಳಿ."

ಗಂಡ ಆಗಲೇ ಅವಳ ಹಿಂದೆಯೇ ಮನೆಯಿಂದ ಬಂದು ಗಂಜಿಕೋಣೆ ಸೇರಿದ್ದ. ಯಜಮಾನ ಅಲ್ಲಿಗೆ ಹೋಗಿ ಏನೋ ತಗ್ಗಿದ ದನಿಯಲ್ಲಿ ಹೇಳಿದ. ಗಂಡ ಗಂಜಿಯ ಹಂಡೆಗೆ ಒಂದು ಚೊಂಬು ನೀರು ಹೊಯ್ದು, ಕಲಕಿ, ಇನ್ನೊಂದು ಹೊಯ್ದ.

ಶೆಡ್ಡಿನ ಬಾಗಿಲಲ್ಲಿ ತಮ್ಮ ತುಂಬಿದ ಬಿಂದಿಗೆ ಹೊತ್ತು ನಿಂತಿದ್ದ. ಅವಳು ಮಗ್ಗ ನಿಲ್ಲಿಸಿದಳು.

"ನಾಳೆ ಆಚೆ ಇಳಿಜಾರಿಗೆ ಗರಗಸ ಹಾಕ್ತೀಯಾ?"

ಅವನು ಭುಜ ಬದಲಿಸಿದ. "ಆಳುಗಳಿಗೆ ಹೇಳಿಬಿಟ್ಟಿದೀನಿ, ಅಕ್ಕ."

"ಹಾಗಾದ್ರೆ ಹೊರು."

ಮಗ್ಗ ಮತ್ತೆ ಶುರುವಾಯಿತು. ಇಳಿಸು ಎಂದು ಅವನಿಗೆ ಯಾರೂ ಹೇಳಲಿಲ್ಲ. ಬಿಂದಿಗೆಯ ತಳದಿಂದ ಹನಿಯೊಂದು ಹೊಸ್ತಿಲ ಕಲ್ಲಿನ ಮೇಲೆ ಬಿದ್ದು ಕಪ್ಪು ಕಲೆಯಾಯಿತು. ಎರಡನೆಯದು ಬೀಳುವ ಮೊದಲೇ ಆ ಕಲೆ ಅಂಚಿನಿಂದ ಒಳಗೆ ಸಣ್ಣದಾಗುತ್ತ ಬಂದಿತ್ತು.