ಗಾಯವಿಲ್ಲದ ಬೇಟೆ

“ನಿನ್ನ ಕಡೆ ತಗ್ಗ್ತಾ ಇದೆ ಡಾರ್ಸಿ, ಸ್ವಲ್ಪ ಮೇಲೆತ್ತು,” ಎಂದು ಹಿಂದಿನಿಂದ ಯಾರೋ ಅಂದರು.

ಡಾರ್ಸಿ ಶವಪೆಟ್ಟಿಗೆಯ ಹಿಡಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಮನೆಯ ಹಿಂದಿನ ಗುಡ್ಡದ ನೆತ್ತಿಯ ಸ್ಮಶಾನಕ್ಕೆ ಯಾವ ಗಾಡಿಯೂ ಹತ್ತುವುದಿಲ್ಲ. ಕೆಂಟಕಿಯ ಈ ಕಣಿವೆಯಲ್ಲಿ ಸತ್ತವರು ನೆಂಟರ ಕೈಯಲ್ಲೇ ಮೇಲೆ ಹೋಗಬೇಕು. ಪೆಟ್ಟಿಗೆಯೊಳಗೆ ಅವನ ಅಕ್ಕ ಡೆಲ್ಫಿಯಾ. ಶಾಲೆಯ ಅಡುಗೆಮನೆಯಲ್ಲಿ ಬೀನ್ಸ್ ಬೇಯಿಸಿ ಬೇಯಿಸಿ ಮುದುಕಿಯಾದವಳು. ಹಿಂದೆ ಅವಳ ಗಂಡ ವರ್ಲಿನ್ ಕೋಲೂರಿಕೊಂಡು ಬರುತ್ತಿದ್ದ. ಅವನ ಹೆಗಲಲ್ಲಿ ಅವಳ ಪಂಪ್ ಕೋವಿ.

ಬೆಳಗಿನಿಂದ ಡಾರ್ಸಿಯ ಕಣ್ಣು ಹೋಗುತ್ತಿದ್ದುದು ಅದರ ಮೇಲೇ. ಹಗುರವಾದ, ಪಾಯಿಂಟ್ ಇಪ್ಪತ್ತೆರಡು ಅಳತೆಯ ಕೋವಿ, ಬಟಾಣಿಯಷ್ಟೂ ಇಲ್ಲದ ಗುಂಡು. ನಳಿಗೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಚಕ್-ಚಕ್, ಹೊಸ ತೋಟಾ ಸಿದ್ಧ.

“ಅಮ್ಮನ ಜೊತೇಲೇ ಹೂತ್‌ಬಿಡಿ ಅಂತ ಅಪ್ಪಂಗೆ ಹೇಳಿದೀನಿ ಮಾವ,” ಎಂದಳು ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ ಡೆಲ್ಫಿಯಾಳ ಮಗಳು ಲೊರೀನ್. “ಜಗಳಾನೂ ಮಣ್ಣಾಗ್ಲಿ.”

“ಕೋವೀನ ಯಾರಾದ್ರೂ ಹೂಳ್ತಾರೇನೇ? ಅದು ನಮ್ಮಪ್ಪಂದು. ಗಂಡುಮಗ ನಾನು ಕಣ್ಮುಂದೆ ಇದ್ದೆ, ಅವಳಿಗೆ ಕೊಟ್ಟ.”

“ಯಾಕ್ ಕೊಟ್ರು ಅಂತ ಕೇಳಿದ್ರೆ ಮಾತ್ರ ನಿಮಗೆ ಕೆಮ್ಮು ಬರುತ್ತೆ.”

ಡಾರ್ಸಿಗೆ ಕೆಮ್ಮು ಬಂತು.

*

ಅವರಿಬ್ಬರೂ ಚಿಕ್ಕವರಿದ್ದಾಗ, ಒಂದು ಶರತ್ಕಾಲದಲ್ಲಿ ಅಪ್ಪ ಕೋವಿಯನ್ನು ಮಕ್ಕಳಿಬ್ಬರಿಗೂ ಸರದಿಯಲ್ಲಿ ಕೊಟ್ಟಿದ್ದ. ಡಾರ್ಸಿ ಚೀಲ ತುಂಬ ಅಳಿಲು ತಂದು ಅಂಗಳಕ್ಕೆ ಸುರಿದ. ಕೆಲವಕ್ಕೆ ಹೊಟ್ಟೆಗೇ ಗುಂಡು ಬಿದ್ದು ಮಾಂಸವೆಲ್ಲ ಹಾಳು. ಡೆಲ್ಫಿಯಾ ತಂದದ್ದು ಒಂದೇ ಜೋಡಿ.

ಅಪ್ಪ ಅವನ್ನು ತಿರುಗಿಸಿ ತಿರುಗಿಸಿ ನೋಡಿದ. ಕೂದಲಿಗೆ ಉಫ್ ಎಂದು ಊದಿ ಹುಡುಕಿದ.

“ಗಾಯ ಎಲ್ಲೇ?”

“ಅಳಿಲಿಗೆ ಹೊಡೀಲಿಲ್ಲ ಅಪ್ಪ, ಕೊಂಬೆಗೆ ಹೊಡೆದೆ. ಗದ್ದದ ಕೆಳಗಿನ ತೊಗಟೆಗೆ. ತೊಗಟೆ ಸಿಡಿದ ಏಟಿಗೇ ಬಿತ್ತು.”

“ನಮ್ಮಜ್ಜ ಹೊಡೀತಿದ್ದ ಹಂಗೆ. ಅವನ ಗುಂಡು ಗೋಲಿಯಷ್ಟಿರ್ತಿತ್ತು. ಇಷ್ಟು ಸಣ್ಣ ಗುಂಡಿನಿಂದಾನಾ?”

ಅವಳು ಹೌದೆಂದು ತಲೆಯಾಡಿಸಿದಳು. ಅಪ್ಪ ಚರ್ಚಿನಲ್ಲಿ ಮಾತ್ರ ತೆಗೆಯುತ್ತಿದ್ದ ಟೊಪ್ಪಿಯನ್ನು ಅಂಗಳದಲ್ಲೇ ತೆಗೆದ. ಕೋವಿಯನ್ನು ಅವಳ ಕೈಗಿಟ್ಟ.

“ಹೆದರ್ಕೊಂಡು ಸತ್ತಿರ್ಬೇಕು,” ಎಂದಿದ್ದ ಡಾರ್ಸಿ. “ಗುರಿ ತಪ್ಪಿದೋರಿಗೆ ಬಹುಮಾನ.” ಆ ಮಾತನ್ನು ಅವನು ಇವತ್ತಿನವರೆಗೂ ಬಿಟ್ಟಿರಲಿಲ್ಲ.

*

ಗುಡ್ಡದ ಮೇಲೆ ಪೆಟ್ಟಿಗೆ ಇಳಿಸುವ ಹಗ್ಗ ಬರುವುದು ತಡವಾಯಿತು. ಪಾದ್ರಿ ಎಸ್ಟಿಲ್ ಕಲ್ಲೊಂದರ ಮೇಲೆ ಕೂತು ದಣಿವಾರಿಸಿಕೊಂಡ.

“ಈ ಡೆಲ್ಫಿಯಾ ನನ್ನ ಮಾನ ತೆಗೆದೋಳು,” ಎಂದು ಶುರುಮಾಡಿದ. “ಊಟಕ್ಕೆ ಕರೆದಿದ್ಳು. ನಾನು ಕಣ್ಮುಚ್ಚಿ ಪ್ರಾರ್ಥನೆ ಮಾಡ್ತಿದೀನಿ. ಸತ್ತೋರು ಎದ್ದು ಬರ್ತಾರೆ ಅನ್ನೋ ಕಡೆ ಬಂದೆ ನೋಡಿ, ಮೂಲೇಲಿದ್ದ ಬೇಟೆ ಚೀಲದಿಂದ ಅಳಿಲು ಎದ್ದು ಬಂತು. ಸೀದಾ ನನ್ನ ಪ್ಯಾಂಟೊಳಗೆ.”

ಹೆಂಗಸರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಲೊರೀನ್ ಅಳುತ್ತಲೇ ನಕ್ಕಳು.

“ಅಮ್ಮ ಏನಂದ್ಳು ಹೇಳಿ.”

“‘ಅಲ್ಲಾಡ್ಬೇಡಿ ಪಾದ್ರಿಗಳೇ, ಕೋವಿ ತರ್ತೀನಿ’ ಅಂದ್ಳು.”

ವರ್ಲಿನ್ ಕೋಲಿನಿಂದ ನೆಲ ಕುಟ್ಟಿದ. “ಗುಂಡು ತಾಗಿದ್ರೆ ಎದ್ದು ಬರ್ತಿತ್ತೇನಯ್ಯ ಡಾರ್ಸಿ? ಕೊಂಬೆ ಏಟಿಗೆ ಬರೀ ಮೂರ್ಛೆ ಹೋಗಿತ್ತು.”

“ತಾಗಿಲ್ಲ ಅಂತ ನಾನೂ ಹೇಳೋದು ಭಾವ. ತಪ್ತು ಅಂತ ಒಪ್ಕೊಳ್ಳೋಕೆ ನಿಮ್ಮನೇಲಿ ಯಾರಿಗೂ ಬರಲ್ಲ.”

ವರ್ಲಿನ್ ಕೋವಿಯನ್ನು ಹೆಗಲಿನಿಂದ ಇಳಿಸಿ ಅವನ ಮುಂದೆ ಹಿಡಿದ.

“ತಗೋ. ಖಾಲಿ ಇದೆ. ನಿನಗೇ ಕೊಡು ಅಂದ್ಳು. ಸಂಜೆ ಹೊತ್ತು ಜಗಲೀಲಿ ಸುಮ್ನೆ ಚಕ್-ಚಕ್ ಅನ್ನಿಸ್ಕೊಂಡು ಕೂತಿರೋಳು. ನನ್ನ ಕೈಗಿಂತ ಇದರ ಹಿಡೀನೇ ಜಾಸ್ತಿ ಹಿಡಿದಿದ್ದು. ಆದ್ರೂ ನಿನಗೇ ಅಂದ್ಳು. ಮೊದಲು ಆ ಬೀಚ್ ಮರದ ಕೆಳಗೆ ನಿಂತು ತಲೆ ಎತ್ಲಿ, ಆಮೇಲೂ ಬೇಕು ಅಂದ್ರೆ ತಗೊಂಡು ಹೋಗ್ಲಿ ಅಂತ.”

ಸ್ಮಶಾನದ ಬೇಲಿಯಾಚೆಯ ಆ ಮರ ಡಾರ್ಸಿಗೆ ಗೊತ್ತಿಲ್ಲದ್ದೇನಲ್ಲ. ನುಣುಪಾದ ಬೂದು ತೊಗಟೆಯ ಬುಡದಲ್ಲಿ ಊರಿನವರ ಹೆಸರೆಲ್ಲ ಇತ್ತು. ಅವನು ಹುಡುಗನಾಗಿದ್ದಾಗ ಚಾಕುವಿನಿಂದ ಕೆತ್ತಿದ ಅಕ್ಷರಗಳು ಮರದ ಜೊತೆ ಊದಿಕೊಂಡಿದ್ದವು. ಡೆಲ್ಫಿಯಾಳ ಹೆಸರು ಇರಲಿಲ್ಲ.

ಅವನು ತಲೆ ಎತ್ತಿದ.

ಎಲೆ ಉದುರಿ ಕೊಂಬೆಗಳು ಬಯಲಾಗಿದ್ದವು. ಕೊಂಬೆಯ ಅಂಚಿನಲ್ಲಿ ಹೆಬ್ಬೆರಳಗಲದ ಒಂದು ಕಪ್ಪು ಗುಳಿ. ಅದರಾಚೆ ಇನ್ನೊಂದು. ಮೇಲಿನ ಕೊಂಬೆಯಲ್ಲಿ, ಅದರ ಮೇಲಿನದರಲ್ಲಿ, ತುದಿಯವರೆಗೂ. ಬೀಚ್ ಮರ ಗಾಯವನ್ನು ಮರೆಯುವುದಿಲ್ಲ. ಹಳೆಯವು ಅಗಲವಾಗಿ ಚಪ್ಪಟೆಯಾಗಿದ್ದವು, ಹೊಸವು ಅಳಿಲಿನ ಕಣ್ಣಿನಷ್ಟೇ ಇದ್ದವು. ಪ್ರತಿಯೊಂದೂ ಅಳಿಲೊಂದು ಗದ್ದ ಊರುವ ಜಾಗದಲ್ಲಿ. ಅವನು ತಪ್ಪಿದ ಗುರಿಯನ್ನು ಹುಡುಕಿದ. ಕತ್ತು ನೋಯುವವರೆಗೂ ಹುಡುಕಿದ. ಒಂದು ಗುಳಿಯ ಮಗ್ಗುಲಲ್ಲೇ, ಗುರಿ ತಪ್ಪಿತೆಂದು ಮತ್ತೆ ಹೊಡೆದ ಎರಡನೆಯದು ಎಲ್ಲೂ ಇರಲಿಲ್ಲ.

ಡಾರ್ಸಿಯ ಕೈ ತಾನಾಗಿ ಟೊಪ್ಪಿಗೆ ಹೋಯಿತು. ತೆಗೆದು ಬೇರಿನ ಮೇಲಿಟ್ಟ.

ಕೋವಿಯ ಮರದ ಹಿಡಿಯಲ್ಲಿ ಸುತ್ತಲೂ ಗೀರುಗಳಿದ್ದವು. ನಡುವೆ ಸಣ್ಣದೊಂದು ಅಂಗೈಯಷ್ಟಗಲ ಮಾತ್ರ ಸವೆದು ಹಾಲಿನ ಕೆನೆಯಂತೆ ನುಣುಪಾಗಿತ್ತು. ಅವನು ಅಲ್ಲಿ ಕೈಯಿಟ್ಟ. ಬೆರಳುಗಳು ಹಿಡಿಸದೆ ಆಚೀಚೆಯ ಗೀರುಗಳ ಮೇಲೆ ಬಂದವು. ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದ.

ಚಕ್-ಚಕ್.

ಹಗ್ಗ ಇಳಿಸುತ್ತಿದ್ದವರು ಕೈ ನಿಲ್ಲಿಸಿ ಮೇಲೆ ನೋಡಿದರು. ಎತ್ತರದ ಕೊಂಬೆಯಲ್ಲಿ ಕಾಯಿ ಬಿಡಿಸುತ್ತ ಕೂತಿದ್ದ ಅಳಿಲೊಂದು ಆ ಸದ್ದಿಗೆ ಕಾಯಿ ಬಿಟ್ಟು, ಮೈ ಚಪ್ಪಟೆ ಮಾಡಿಕೊಂಡು, ಗದ್ದವನ್ನು ತೊಗಟೆಗೆ ಒತ್ತಿ ಹಾಗೇ ಮಲಗಿತು.